ಗುಂಡುಕಲ್ಲಿನ ಹೊಟ್ಟೆಕಿಚ್ಚು

ನಾನು ಒಂದು ಗುಂಡುಕಲ್ಲು. ಪೈಲ್ವಾನರು ಎತ್ತಿ, ಹೆಗಲಿಗೇರಿಸಿ, ಹಿಂದಕ್ಕೆ ಒಗೆಯುತ್ತಾರಲ್ಲ, ಆ ಗರಡಿಯ ಗುಂಡು. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದವರ ಹಾಗೆ ಬೀಗುವುದು ಬೇಡ. ಕಲ್ಲಿಗೆ ಹೊಟ್ಟೆ ಎಲ್ಲಿಂದ ಬಂತು ಎನ್ನುತ್ತೀರಾ? ನನ್ನನ್ನು ಒಮ್ಮೆ ಸರಿಯಾಗಿ ನೋಡಿ. ತಲೆಯಿಲ್ಲ, ಕೈಯಿಲ್ಲ, ಕಾಲಿಲ್ಲ. ಇರುವುದೆಲ್ಲ ಹೊಟ್ಟೆಯೇ.

ಇಳಕಲ್ಲಿನ ಕಡೆಯ ಕೆಂಪು ಬಂಡೆಯೊಂದು ನನ್ನ ತಾಯಿ. ದ್ಯಾವಪ್ಪನೆಂಬ ಕಲ್ಲುಕುಟಿಗ ಆ ಬಂಡೆಯಿಂದ ಎರಡು ತುಂಡು ಬಿಡಿಸಿದ. ಒಂದನ್ನು ಕೊರೆದು ಒರಳು ಮಾಡಿದ. ಇನ್ನೊಂದರ ಮೂಲೆಗಳನ್ನೆಲ್ಲ ತಿಂಗಳುಗಟ್ಟಲೆ ಕೆತ್ತಿ, ಉಜ್ಜಿ, ಗುಂಡಗೆ ಮಾಡಿದ. ಅದೇ ನಾನು. ಒರಳನ್ನು ಯಾರೋ ಹೊಸ ಮನೆಗೆ ಕೊಂಡೊಯ್ದರು. ಅದರ ಹಣೆಬರಹ ನೋಡಿ: ದಿನವೂ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಶೇಂಗಾ, ದಿನವೂ ಬಳೆಗಳ ಸದ್ದು, ಹೆಂಗಸರ ಮಾತು, ಮನೆಯ ಸುದ್ದಿ ಎಲ್ಲ ಮೊದಲು ಅದಕ್ಕೇ. ನಾನು ಇನ್ನೂ ದ್ಯಾವಪ್ಪನ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದೆ. ನನ್ನ ಮೊದಲ ಹೊಟ್ಟೆಕಿಚ್ಚು ಒಡಹುಟ್ಟಿದ ಆ ಒರಳಿನ ಮೇಲೆ.

ಒಂದು ದಿನ ಬೆಟಗೇರಿಯಿಂದ ಫಕ್ಕೀರಪ್ಪ ಪೈಲ್ವಾನ್ ಬಂದ. ಆಗಿನ್ನೂ ಪ್ರಾಯದವನು, ಗಿರಿಜಾ ಮೀಸೆ, ಕೊರಳಲ್ಲಿ ಕೆಂಪು ದಾರ. ಅಂಗಳದಲ್ಲಿದ್ದ ಕಲ್ಲುಗಳನ್ನೆಲ್ಲ ಬಿಟ್ಟು ನೇರವಾಗಿ ನನ್ನ ಬಳಿ ಕೂತು ಬೆನ್ನು ತಟ್ಟಿದ. "ಈ ಮಗಾ ಹಟಮಾರಿ ಅದಾನ. ಗರಡಿಗೆ ಇಂಥಾವನ ಬೇಕು" ಎಂದ. ಬಾಳಿನಲ್ಲಿ ನನ್ನನ್ನು ಹಾಗೆ ಹೊಗಳಿದವರು ಮತ್ತೆ ಯಾರೂ ಇಲ್ಲ. ಆ ಮಾತಿಗೇ ನಾನು ಅವನವನಾಗಿಬಿಟ್ಟೆ.

ಗರಡಿಯೆಂದರೆ ಎಂಥ ಜಾಗ ಅಂತೀರಿ! ಎಣ್ಣೆ ಕುಡಿದ ಕೆಮ್ಮಣ್ಣು, ಗೋಡೆಯ ಗೂಡಿನಲ್ಲಿ ಹನುಮಂತ, ಬಾಗಿಲ ಹೊರಗೆ ಚಪ್ಪಲಿ. ಫಕ್ಕೀರಪ್ಪನೇ ಅಲ್ಲಿನ ಉಸ್ತಾದ. ಮುಂಜಾನೆ ನನ್ನ ಮೈಗೆ ಎಣ್ಣೆ ಸವರಿ, ವಿಭೂತಿಯ ಮೂರು ಬೆರಳು ಎಳೆದು, ಆಮೇಲೆಯೇ ಹುಡುಗರನ್ನು ಬಿಡುತ್ತಿದ್ದ. ಒಬ್ಬೊಬ್ಬರೇ ಬಂದು ನನ್ನನ್ನು ತಬ್ಬುವರು. ಮೊಣಕಾಲಿಗೆ, ತೊಡೆಗೆ, ಎದೆಗೆ, ಹೆಗಲಿಗೆ. ಹೆಗಲಿಗೇರಿದ ಮೇಲೆ ಒಂದು ಗಳಿಗೆ ನಿಂತು, "ಜೈ ಬಜರಂಗ!" ಎಂದು ಹಿಂದಕ್ಕೆ ಒಗೆದರೆ ಧೊಪ್ಪೆಂದು ಬೀಳುತ್ತಿದ್ದೆ. ನೆಲ ನಡುಗುತ್ತಿತ್ತು. ಎಷ್ಟು ಜೋರಾಗಿ ಒಗೆದರೋ ಅಷ್ಟು ದೊಡ್ಡ ಪೈಲ್ವಾನ್. ಬಿದ್ದು ಬಿದ್ದು ನನಗೂ ಅದೇ ಮರ್ಯಾದೆ ಎನ್ನಿಸಿಬಿಟ್ಟಿತ್ತು.

ಗರಡಿಗೊಂದು ಕಟ್ಟು ಇತ್ತು. ಹೆಣ್ಣುಮಕ್ಕಳು ಒಳಗೆ ಬರುವ ಹಾಗಿಲ್ಲ. ಕಾರಹುಣ್ಣಿಮೆಗೆ ನನ್ನನ್ನು ಬೀದಿಗೆ ತಂದು ಎತ್ತಿಸುವಾಗಲೂ ಹೆಂಗಸರು ದೂರ ನಿಂತು ನೋಡಬೇಕು, ಗುಂಡು ಮುಟ್ಟಬಾರದು. ಯಾಕೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಾನಂತೂ ಕೇಳಲಿಲ್ಲ. ಮೂಲೆಯಲ್ಲಿ ಒರಗಿದ್ದ ಬೆಳ್ಳಿ ಕಟ್ಟಿನ ಗದೆಯ ಮೇಲೆ ಹೊಟ್ಟೆ ಉರಿದುಕೊಳ್ಳುವುದೇ ನನಗೆ ದಿನವಿಡೀ ಕೆಲಸವಾಗಿತ್ತು. ಗೆದ್ದವರೆಲ್ಲ ಅದನ್ನು ಹೆಗಲ ಮೇಲಿಟ್ಟುಕೊಂಡು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ನನ್ನ ಜೊತೆ ಒಬ್ಬನೂ ಹೊಡೆಸಿಕೊಳ್ಳಲಿಲ್ಲ.

ಕಾಲ ತಿರುಗಿತು. ಹುಡುಗರು ಕನ್ನಡಿ ಗೋಡೆಯ ಜಿಮ್ಮುಗಳಿಗೆ ಹೋದರು. ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟಿತು. ಕೊನೆಗೆ ಗರಡಿಯ ಜಾಗದಲ್ಲಿ ಮಳಿಗೆಗಳು ಎದ್ದವು. ಗದೆಯನ್ನು ಯಾರೋ ಪುಢಾರಿ ತನ್ನ ಬೈಠಕ್ ಖೋಲಿಯ ಗೋಡೆಗೆ ಹಾಕಲು ಒಯ್ದ. ನನ್ನನ್ನು ಯಾರೂ ಕೇಳಲಿಲ್ಲ. ಮೀಸೆ ಬೆಳ್ಳಗಾಗಿದ್ದ ಫಕ್ಕೀರಪ್ಪನೇ ಕೈಗಾಡಿ ತರಿಸಿ ನನ್ನನ್ನು ಮನೆಗೆ ತಂದ.

ಮನೆಯೆಂದರೆ ಮುಂದೆ ಹಿಟ್ಟಿನ ಗಿರಣಿ, ಹಿಂದೆ ವಾಸ, ನಡುವೆ ಚೀಲ ಇಡುವ ಖೋಲಿ. ಗಿರಣಿ ನಡೆಸುತ್ತಿದ್ದವನು ಫಕ್ಕೀರಪ್ಪನ ಮಗ ಅಂದಾನಪ್ಪ. ನನ್ನನ್ನು ಗಿರಣಿಯ ಬಾಗಿಲ ಪಕ್ಕ ಕೂರಿಸಿದರು. ಜೋಳ, ಗೋದಿ ತುಂಬಿದ ಡಬ್ಬಿ ಹಿಡಿದು ಹೆಂಗಸರು ಸಾಲಾಗಿ ನಿಲ್ಲುವರು. ಕಾಲು ಸೋತು ಯಾರಾದರೂ ನನ್ನ ಮೇಲೆ ಕೂರಲು ಬಂದರೆ ಹೊರಸಿನ ಮೇಲಿಂದ ಫಕ್ಕೀರಪ್ಪ ಕೂಗುತ್ತಿದ್ದ: "ಏ ತಂಗಿ, ಅದು ಗರಡಿ ಗುಂಡು! ಅದರ ಮ್ಯಾಲ ಕೂಡಬ್ಯಾಡ!" ಹಾಗಾಗಿ ನನ್ನನ್ನು ಎತ್ತುವವರೂ ಇಲ್ಲ, ನನ್ನ ಮೇಲೆ ಕೂರುವವರೂ ಇಲ್ಲ. ಗಿರಣಿಯೊಳಗೆ ಬೀಸುವ ಕಲ್ಲುಗಳು ದಿನವೂ ಗರಗರ ತಿರುಗಿ ಮನೆಯವರಿಗೆಲ್ಲ ಅನ್ನ ಹಾಕುತ್ತಿದ್ದವು. ಅವೂ ಕಲ್ಲುಗಳೇ. ನಾನು ಮಾತ್ರ ಹಿಟ್ಟಿನ ಧೂಳು ಮೆತ್ತಿಕೊಂಡು ಬೆಳ್ಳಗೆ ಕೂತಿದ್ದೆ.

ಆಗ ನೀಲಾ ಬಂದಳು. ನೀಲಾಂಬಿಕಾ, ಅಂದಾನಪ್ಪನ ಒಬ್ಬಳೇ ಮಗಳು. ಅಂಬೆಗಾಲು ಬಿಟ್ಟು ಎದ್ದು ನಿಲ್ಲಲು ಕಲಿತ ಕೂಡಲೇ ಅವಳು ಮೊದಲು ಹಿಡಿದುಕೊಂಡದ್ದು ನನ್ನನ್ನೇ. ಎರಡೂ ಪುಟ್ಟ ಕೈ ನನ್ನ ಹೊಟ್ಟೆಯ ಮೇಲಿಟ್ಟು, ಕೆನ್ನೆ ಆನಿಸಿ, "ಹಾಂ!" ಎಂದು ತಿಣುಕಿದಳು. ಎತ್ತುವ ಪ್ರಯತ್ನ ಅದು! ಅಷ್ಟರಲ್ಲಿ ಅಜ್ಜ ಬಂದು ಅವಳನ್ನು ಎಳೆದುಕೊಂಡ. "ಗುಂಡಿಗೆ ಹೆಣ್ಣುಮಕ್ಕಳು ಕೈ ಹಚ್ಚಬಾರದು ಯವ್ವಾ" ಎಂದ. ಕೂಸಿಗೆ ಏನು ತಿಳಿದೀತು, ಅತ್ತಿತು. ಆ ಕೆನ್ನೆಯ ಬಿಸುಪು ಬಹಳ ಹೊತ್ತು ನನ್ನ ಮೈಮೇಲೆ ಉಳಿದಿತ್ತು.

ನೀಲಾ ಬೆಳೆದಳು, ಎಂಥಾ ಬೆಳೆದಳು! ಹೈಸ್ಕೂಲಿಗೆ ಹೋಗುವಾಗಲೇ ಜೋಳದ ಚೀಲ ಹೆಗಲಿಗೆ ಹಾಕಿಕೊಂಡು ಗಿರಣಿಯೊಳಗೆ ನಡೆದುಬರುತ್ತಿದ್ದಳು. ಸಾಲಿನಲ್ಲಿ ನಿಂತ ಹೆಂಗಸರು, "ಏ ಕಸ್ತೂರಿ, ನಿನ್ನ ಮಗಳಿಗೆ ಏನ ಹಾಕಿ ಸಾಕಿಯವ್ವಾ?" ಎಂದು ಅವಳ ತಾಯಿಯನ್ನು ಕೇಳುವರು. "ನಮ್ಮ ಮಾವಾರ ರಕ್ತ ನೋಡ್ರಿ" ಎಂದು ಕಸ್ತೂರಿ ನಗುವಳು. ಕಾಲೇಜಿಗೆ ಸೇರಿದ ಮೇಲೆ ಕ್ರೀಡಾಂಗಣದ ತರಬೇತಿ ಮೇಡಂ ಅವಳನ್ನು ಭಾರ ಎತ್ತುವ ತಂಡಕ್ಕೆ ಹಾಕಿಕೊಂಡರು. ಜಿಲ್ಲೆಯಲ್ಲಿ ಗೆದ್ದಳು. ರಾಜ್ಯದ ತಂಡಕ್ಕೆ ಆಯ್ಕೆ ಹತ್ತಿರ ಬಂತು. ನಾನು ಬಾಗಿಲಲ್ಲಿ ಕೂತು ಕಾಯುತ್ತಿದ್ದೆ. ಮುದುಕನ ರಕ್ತ, ಮುದುಕನ ಕೈ. ಇವತ್ತಲ್ಲ ನಾಳೆ ನನ್ನ ಬಳಿಗೆ ಬಂದೇ ಬರುತ್ತಾಳೆ, ಆ ಕಟ್ಟು ಮುರಿದೇ ಮುರಿಯುತ್ತದೆ ಅಂದುಕೊಂಡಿದ್ದೆ. ಇನ್ನೊಮ್ಮೆ ಎತ್ತಿಸಿಕೊಳ್ಳಬೇಕು, ಅದೂ ಇವಳ ಕೈಯಲ್ಲಿ. ನನಗಿದ್ದದ್ದು ಅದೊಂದೇ ಆಸೆ.

ಬಂದವನು ಅವನು.

ಒಂದು ಆದಿತ್ಯವಾರ ಮಧ್ಯಾಹ್ನ ಟಂಟಂ ಗಾಡಿಯಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆಗಳು ಬಂದಿಳಿದವು. ಸ್ಕ್ವಾಟ್ ರ‍್ಯಾಕ್ ಅಂತೆ. ಭಾರದ ಸರಳನ್ನು ಹೆಗಲೆತ್ತರಕ್ಕೆ ಹಿಡಿದು ನಿಲ್ಲುವ ಕಬ್ಬಿಣದ ಚೌಕಟ್ಟು. ಅದರಡಿ ನಿಂತು, ಸರಳನ್ನು ಬೆನ್ನಿಗೇರಿಸಿಕೊಂಡು, ಕೂತು ಏಳಬೇಕು. ಆಮೇಲೆ ಸರಳನ್ನು ಅವನ ಕೊಕ್ಕೆಗೇ ಮರಳಿಸಬೇಕು. ಮಗಳು ಮನೆಯಲ್ಲೇ ತಾಲೀಮು ಮಾಡಲಿ ಎಂದು ಅಂದಾನಪ್ಪ ಚೀಲದ ಖೋಲಿ ಖಾಲಿ ಮಾಡಿಸಿದ್ದ.

"ಬಸ್ಕಿ ಹೊಡಿಯಾಕ ಕಬ್ಬಿಣದ ಮಂಟಪ ಬೇಕೇನಲೇ?" ಎಂದ ಫಕ್ಕೀರಪ್ಪ.

"ಅಜ್ಜಾ, ಇದು ಬರೀ ಬಸ್ಕಿ ಅಲ್ಲ. ಬೆನ್ನ ಮ್ಯಾಲ ನನ್ನಕಿಂತ ಹೆಚ್ಚು ಭಾರ ಇರತೈತಿ" ಎಂದಳು ನೀಲಾ.

"ಹಂಗಿದ್ರ ಸರಿ" ಎಂದು ಮುದುಕ ಮೀಸೆ ತಿರುವಿದ. ಮೊಮ್ಮಗಳ ಭಾರದ ಮಾತು ಬಂದರೆ ಅವನ ಮೀಸೆ ತಾನಾಗಿ ಮೇಲೇಳುತ್ತಿತ್ತು. ನನ್ನ ಭಾರ ಅವನಿಗೆ ನೆನಪಾಗಲಿಲ್ಲ.

ಪೆಟ್ಟಿಗೆ ಬಿಚ್ಚಿದರು. ಕಪ್ಪು ಬಣ್ಣ, ಮಿಂಚುವ ಮೈ, ಉದ್ದಕ್ಕೂ ತೂತುಗಳ ಸಾಲು. ಎರಡು ಕಂಬ, ಕೆಳಗೆ ಕಾಲುಗಳು, ಹಿಂದೆ ಅಡ್ಡಪಟ್ಟಿ, ಮುಂದೆ ಕೊಕ್ಕೆಗಳು, ಒಂದು ಚೀಲ ಬೋಲ್ಟು ನಟ್ಟು. ಜೋಡಿಸುವುದು ಹೇಗೆಂದು ಚಿತ್ರ ಬರೆದ ಹಾಳೆಯೂ ಇತ್ತು. ಕಸ್ತೂರಿ ಅದರ ಮೇಲೆ ಗಿರ್ಮಿಟ್ಟು, ಮಿರ್ಚಿ ಹರವಿ ಎಲ್ಲರ ಮುಂದಿಟ್ಟಳು. ಗಿರಣಿಯ ಕಲ್ಲನ್ನೇ ಬಿಚ್ಚಿ ಜೋಡಿಸುವ ಅಂದಾನಪ್ಪನಿಗೆ ಚಿತ್ರ ಯಾಕೆ? ಮಿರ್ಚಿ ಬಾಯಲ್ಲಿಟ್ಟುಕೊಂಡೇ ಕಂಬಕ್ಕೆ ಕಾಲು ಕೂಡಿಸಿದ. ನೀಲಾ ಹಿಡಿದಳು, ಅವನು ಬೋಲ್ಟು ತೂರಿಸಿದ. ಒಂದು ಸಲ ಕಂಬ ತಲೆಕೆಳಗಾಯಿತು, ಬಿಚ್ಚಿ ಮತ್ತೆ ಕೂಡಿಸಿದರು. ಬಾಗಿಲಲ್ಲಿದ್ದ ನಾನು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಬಗ್ಗುವುದು ಹೇಗೆಂದು ಕೇಳಬೇಡಿ. ಹೊಟ್ಟೆ ಉರಿಯುವವರಿಗೆ ಎಲ್ಲ ಬರುತ್ತದೆ.

ಬೋಲ್ಟುಗಳೆಲ್ಲ ತೂತಿಗೆ ಸೇರಿ, ಇನ್ನು ನಟ್ಟು ತಿರುಗಿಸುವ ಪಾನಾ ಹಾಕಿ ಬಿಗಿ ಮಾಡಬೇಕು ಅನ್ನುವಷ್ಟರಲ್ಲಿ ಫಕ್ಕೀರಪ್ಪ ಗಡಿಯಾರ ನೋಡಿದ.

"ತಡಿ! ರಾಹುಕಾಲ ಹತ್ತಿತು. ಪಾನಾ ಕೆಳಗಿಡು."

"ಅಪ್ಪಾ, ಇನ್ನೇನು ಬಿಗಿ ಮಾಡೂದಷ್ಟ ಐತಿ."

"ಅದನ್ನ ಹೇಳಾಕತ್ತೀನಿ. ಕಬ್ಬಿಣಕ್ಕ ಬಿಗಿ ಬೀಳೂದು ರಾಹುಕಾಲದಾಗ ಬ್ಯಾಡ. ಸದ್ಯ ಕೈಲೇ ತಿರುವಿಡು. ದೀಪ ಹಚ್ಚೂ ಹೊತ್ತಿಗೆ ಬಿಗಿ ಮಾಡಿ ಪೂಜಿ ಮಾಡೂಣು."

"ಅಜ್ಜಾ, ಇದೇನು ನನ್ನ ಮದಿವಿ ಏನು, ಮುಹೂರ್ತ ನೋಡಾಕ?" ಎಂದು ನೀಲಾ ನಕ್ಕಳು.

"ಮದಿವಿಕಿಂತ ಹೆಚ್ಚು. ಇದರ ಕೆಳಗ ನಿಂದ್ರಾಕಿ ನೀನು. ಪೂಜಿ ಆಗೂಮಟ ಕೈ ಹಚ್ಚಬ್ಯಾಡ."

ಅಂದಾನಪ್ಪ ಎಲ್ಲ ನಟ್ಟುಗಳನ್ನೂ ಬೆರಳಲ್ಲಿ ತಿರುವಿ ಬಿಟ್ಟ. ನೋಡುವವರಿಗೆ ಚೌಕಟ್ಟು ಪೂರ್ತಿ ನಿಂತ ಹಾಗೇ ಕಾಣುತ್ತಿತ್ತು.

ರಾಹುಕಾಲ ದಾಟಿತು. ಅಂದಾನಪ್ಪ ಪಾನಾ ಕೈಗೆತ್ತಿಕೊಂಡ. ಅಷ್ಟರಲ್ಲಿ, ಮಧ್ಯಾಹ್ನ ಹೋಗಿದ್ದ ಕರೆಂಟು ಫಕ್ಕನೆ ಬಂತು. ಗಿರಣಿಯ ಮುಂದೆ ಡಬ್ಬಿಗಳ ಸಾಲು ಕಾದಿತ್ತು. "ಅಪ್ಪಾ, ಇದೊಂದಿಷ್ಟು ನೋಡು" ಎಂದು ಪಾನಾವನ್ನು ಮುದುಕನ ಕೈಗಿಟ್ಟು ಗಿರಣಿಗೆ ಓಡಿದ. ಫಕ್ಕೀರಪ್ಪ ಆಗ ಮೊಮ್ಮಗಳ ಹಣೆಗೆ ಹಚ್ಚಲು ವಿಭೂತಿ ಹುಡುಕುತ್ತಿದ್ದ. ಮಗ ಬಿಗಿ ಮಾಡಿ ಮುಗಿಸಿ ಪಾನಾವನ್ನು ಪೂಜೆಗೆಂದು ಕೊಟ್ಟ ಎಂದು ತಿಳಿದುಕೊಂಡ. ಆಯುಧವಲ್ಲವೆ! ಅದಕ್ಕೂ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಹೂವೇರಿಸಿ, ಒಯ್ದು ದೇವರ ಜಗಲಿಯ ಮೇಲಿಟ್ಟ. ಕಂಬಗಳಿಗೆ ಚೆಂಡುಹೂವಿನ ಮಾಲೆ ಸುತ್ತಿದರು, ಸರಿಯಾಗಿ ಆ ನಟ್ಟುಗಳ ಮೇಲೆಯೇ. ಕಾಯಿ ಒಡೆದರು. ಓಣಿಯ ಹೆಂಗಸರು ಆರತಿ ಎತ್ತಿದರು. ಚೌಕಟ್ಟಿನ ಮುಂದೆ ಎಲ್ಲರೂ ನಿಂತು ಫೋಟೋ ಹೊಡೆಸಿಕೊಂಡರು.

ಫೋಟೋ! ಮೈಯೆಲ್ಲ ಧಗಧಗ ಅಂದಿತು ನೋಡಿ. ಅದೇ ಮಧ್ಯಾಹ್ನ ಪೆಟ್ಟಿಗೆಯಲ್ಲಿ ಬಂದ ಕಬ್ಬಿಣಕ್ಕೆ ಮಾಲೆ, ಆರತಿ, ಫೋಟೋ. ಒಂದು ಬೋಲ್ಟು ತಿರುಗಿಸದ ಪಾನಾಕ್ಕೆ ದೇವರ ಜಗಲಿ. ಗರಡಿಯನ್ನೇ ಕಂಡ ನನಗೆ ಹಿಟ್ಟಿನ ಧೂಳು. ಮೇಲಾಗಿ ಮುದುಕ ತನ್ನ ಕೈಯಾರೆ ಮೊಮ್ಮಗಳನ್ನು ಕರೆದು, "ಮುಟ್ಟು ಯವ್ವಾ, ನಮಸ್ಕಾರ ಮಾಡು" ಎಂದ. ಅವನನ್ನು ಮುಟ್ಟಬಹುದು, ನನ್ನನ್ನು ಮಾತ್ರ ಮುಟ್ಟಬಾರದು!

ಮರುದಿನದಿಂದ ತಾಲೀಮು. ಮೊದಲ ದಿನವೇ ನೀಲಾ ಹೇಳಿದಳು: "ಅಪ್ಪಾ, ಇದು ಒಂಚೂರು ಅಳ್ಳಾಡತೈತಿ."

ಅಂದಾನಪ್ಪ ಕಂಬ ಹಿಡಿದು ನೋಡಿದ. "ಗಿರಣಿ ನೆಲ ಸಮಾ ಇಲ್ಲವ್ವಾ. ಬಲಗಾಲು ಮ್ಯಾಲ ಎದ್ದೈತಿ. ಏನಾರ ಆಪು ಕೊಟ್ಟರ ಆತು." ಬಿಗಿ ಮಾಡುವುದು ಬಾಕಿ ಇದೆ ಎಂದು ಅವನಿಗೆ ತೋಚಲೇ ಇಲ್ಲ. ಪೂಜೆಯಾಗಿದೆ, ಕಾಯಿ ಒಡೆದಿದೆ, ಇನ್ನೇನು ಬಾಕಿ? ಮಾಲೆ ಸರಿಸಿ ನೋಡಲೂ ಇಲ್ಲ. ಒಣಗುವ ತನಕ ಪೂಜೆಯ ಮಾಲೆ ತೆಗೆಯುವ ಪದ್ಧತಿ ಆ ಮನೆಯಲ್ಲಿಲ್ಲ.

ಅಲುಗದ ಹಾಗೆ ಆಪು ಕೊಡಲು ಏನು ಸಿಕ್ಕಿತು ಗೊತ್ತೆ? ನಾನು. ಅಂದಾನಪ್ಪನೂ ಹಿಟ್ಟು ಬೀಸಲು ಬಂದಿದ್ದ ಒಬ್ಬ ಗಂಡಸೂ ಸೇರಿ ಹಾರೆ ಹಾಕಿ ನನ್ನನ್ನು ಉರುಳಿಸಿದರು. ಅಂದಾನಪ್ಪ ಆಗಲೇ ನಡು ಹಿಡಿದುಕೊಂಡ. "ನಾ ಎತ್ತಿಡತೀನಿ ಸರೀರಿ" ಎಂದು ನೀಲಾ ಬಗ್ಗಿದಳು. ಕೈ ಇನ್ನೇನು ತಾಗಬೇಕು, "ನೀಲಾ!" ಎಂದ ಮುದುಕ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನನ್ನು ತಳ್ಳಿಕೊಂಡು ಹೋಗಿ ಅವನ ಬಲಗಾಲಿಗೆ ಆನಿಸಿ ಕೂರಿಸಿದರು. ಚೌಕಟ್ಟಿನ ಅಳ್ಳಾಟ ನಿಂತಿತು. ಆ ಕಬ್ಬಿಣದ ಪಾದಸೇವೆ ಮಾಡುವ ಗತಿ ಬಂತು ನನಗೆ.

ಆಮೇಲೆ ದಿನವೂ ಅದೇ ನೋಟ. ಅವಳು ಬರುವಳು, ಸೀಮೆಸುಣ್ಣದ ಪುಡಿ ಕೈಗೆ ಹಚ್ಚಿಕೊಳ್ಳುವಳು, ಅವನ ತೋಳುಗಳ ನಡುವೆ ನಿಲ್ಲುವಳು. ನಾನು ಅವಳ ಹೆಜ್ಜೆಯ ಅಳತೆಯಲ್ಲಿ ಕೂತು ಅವನನ್ನೇ ದುರುಗುಟ್ಟಿ ನೋಡುವೆ. ಮೇಡಂ ಹೇಳಿಕೊಟ್ಟಿದ್ದನ್ನು ಅವಳು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು: "ಇಳಿಸೂದು ನಿಧಾನ. ಒಗೀಬಾರದು. ಕೊಕ್ಕಿಗೆ ಕೂಡೂಮಟ ಭಾರ ನನ್ನದು." ನನಗೆ ನಗು ಬರುತ್ತಿತ್ತು. ಒಗೆಯದಿದ್ದರೆ ಅದೆಂಥ ಭಾರ? ಸದ್ದೇ ಇಲ್ಲ, ನೆಲ ನಡುಗುವುದಿಲ್ಲ. ಹೆಣ್ಣುಮಗಳಿಗೆ ಮೆತ್ತಗಿನ ಆಟ ಕಲಿಸುತ್ತಿದ್ದಾನೆ ಈ ಕರಿಯ ಅಂದುಕೊಂಡೆ.

ಅಷ್ಟರಲ್ಲಿ ನನಗೊಂದು ಸಂಗತಿ ತಿಳಿಯಿತು. ಗೋಡೆಯಾಚೆ ಗಿರಣಿ ಶುರುವಾದರೆ ನೆಲವೆಲ್ಲ ಗುಂಯ್ ಎನ್ನುತ್ತದೆ. ಆ ನಡುಕಕ್ಕೆ ಮಾಲೆಯ ಮರೆಯಲ್ಲಿದ್ದ ನಟ್ಟುಗಳು ಕೂದಲೆಳೆಯಷ್ಟು, ಕೂದಲೆಳೆಯಷ್ಟು ತಿರುಗುತ್ತಿದ್ದವು. ಕೈಯಲ್ಲಿ ತಿರುವಿದ್ದು ತಾನೆ. ಯಾರಿಗೂ ಕೇಳದ ಆ ಸದ್ದು ಕಾಲಿಗೆ ಆನಿಕೊಂಡಿದ್ದ ನನಗೆ ಚೆನ್ನಾಗಿ ಕೇಳುತ್ತಿತ್ತು. ತಿರುಗು ಮಗನೆ, ತಿರುಗು ಎಂದೆ. ಒಂದು ದಿನ ಬೀಳುತ್ತೀಯ, ಗುಜರಿಯವನು ಬರುತ್ತಾನೆ, ನಿನ್ನನ್ನು ತಕ್ಕಡಿಗೆ ಹಾಕುತ್ತಾನೆ, ನಾನು ಕಣ್ಣು ತುಂಬ ನೋಡುತ್ತೇನೆ ಎಂದೆ. ಎಷ್ಟು ಖುಷಿಯಾಗಿತ್ತು ನನಗೆ!

ಆ ಖುಷಿ ಒಂದು ಮುಂಜಾನೆ ನಿಂತುಹೋಯಿತು. ಒಣಗಿದ ಚೆಂಡುಹೂವು ಉದುರುತ್ತಿತ್ತು. ಅದರ ಜೊತೆಗೆ ಒಂದು ನಟ್ಟು ಟಿಣ್ಣೆಂದು ಬಿದ್ದು, ಉರುಳಿ ಬಂದು ನನ್ನ ಮಗ್ಗುಲಿಗೆ ನಿಂತಿತು. ಶಹಬ್ಬಾಸ್ ಅನ್ನಬೇಕು, ಅಷ್ಟರಲ್ಲಿ ನೀಲಾ ಒಳಗೆ ಬಂದಳು. ಆಯ್ಕೆಗೆ ಇನ್ನು ಕೆಲವೇ ದಿನ. ಅಂದು ಎಂದಿಗಿಂತ ಹೆಚ್ಚು ಭಾರ ಏರಿಸಿದಳು. ಬಾಗಿಲ ಬಳಿ ಹೊರಸಿನ ಮೇಲೆ ಫಕ್ಕೀರಪ್ಪ ಚಹಾ ಬಸಿಯಲ್ಲಿ ಊದುತ್ತ ಕೂತಿದ್ದ. ನನಗೆ ಆಗ ಹೊಳೆಯಿತು: ಈ ದರಿದ್ರ ಬಿದ್ದರೆ ಬೀಳುವುದು ಯಾರ ಮೇಲೆ?

ಇಷ್ಟು ದಿನ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಅಂದು ಬಾಯಿ ಬಿಟ್ಟೆ. "ಏ ಕರಿಯಾ, ಇವತ್ತು ಬೀಳಬೇಡ. ನಾಳೆ ಬೀಳು, ಯಾವಾಗ ಬೇಕಾದರೂ ಬೀಳು. ಅವಳು ಇರುವಾಗ ಮಾತ್ರ ಬೇಡ."

"ಗೊತ್ತು" ಎಂದ ಅವನು. "ದಿನವೂ ಹಲ್ಲು ಕಚ್ಚಿ ನಿಂತಿದ್ದೇನೆ. ಯಾರಾದರೂ ಪಾನಾ ತರಬಾರದೆ?"

ಪಾನಾ ದೇವರ ಜಗಲಿಯ ಮೇಲೆ ಹೂ ಮುಡಿದು ಕೂತಿತ್ತು.

ನೀಲಾ ಸರಳನ್ನು ಬೆನ್ನಿಗೆ ತೆಗೆದುಕೊಂಡು ಎರಡು ಹೆಜ್ಜೆ ಹಿಂದೆ ಬಂದಳು. ಕೂತಳು, ಎದ್ದಳು. ಮತ್ತೆ ಕೂತಳು, ಎದ್ದಳು. ಸರಳನ್ನು ಮರಳಿಸಲು ಮುಂದೆ ಬಂದಳು. ಎಡಗಡೆ ಕೊಕ್ಕೆಗೆ ಕೂತಿತು. ಬಲಗಡೆಯ ಕೊಕ್ಕೆಗೆ ತಾಗಿದ್ದೇ ತಡ, ಆ ಕಂಬ ತನ್ನ ಕಾಲಿನಿಂದ ಕಳಚಿಕೊಂಡು ವಾಲಿತು. "ಅಜ್ಜಾ!" ಎಂದಳು. ಬೆನ್ನ ಮೇಲಿನ ಸರಳನ್ನು ಹಿಂದಕ್ಕೆ ಕೊಡವಿದಳು, ತಾನು ಕುಕ್ಕರಿಸಿ ಬಿದ್ದಳು. ಸರಳು ಅವಳ ಹಿಂದೆ ಬಿದ್ದು ಗೋಡೆಗೆ ಉರುಳಿತು. ಆದರೆ ಅವಳ ಎರಡೂ ಕಾಲು ಚೌಕಟ್ಟಿನ ಕೆಳಗೇ ಚಾಚಿಕೊಂಡಿದ್ದವು, ಇಡೀ ಚೌಕಟ್ಟು ಅವುಗಳ ಮೇಲೆಯೇ ಬರುತ್ತಿತ್ತು.

ನಾನೇನೂ ಮಾಡಲಿಲ್ಲ. ಮಾಡಲು ನನಗೆ ಕೈಯೆಲ್ಲಿದೆ? ಎಲ್ಲಿ ತಂದು ಒಗೆದಿದ್ದರೋ ಅಲ್ಲಿಯೇ ಕೂತಿದ್ದೆ, ಅಷ್ಟೆ. ಕಂಬ ಬಂದು ನನ್ನ ನೆತ್ತಿಗೆ ಅಪ್ಪಳಿಸಿತು. ಚಟ್ಟೆಂದು ನನ್ನ ಮೈಯಿಂದ ಒಂದು ಚಕ್ಕೆ ಹಾರಿತು. ಕಂಬ ಅಲ್ಲಿಯೇ ನಿಂತಿತು. ಅವಳ ಕಾಲು ಆ ಸಂದಿಯಲ್ಲಿ ಉಳಿದವು.

ಮುದುಕ ಹೊರಸಿನಿಂದ ಹೇಗೆ ಎದ್ದುಬಂದನೋ. ಗಿರಣಿ ನಿಂತಿತು. ಅಂದಾನಪ್ಪ, ಕಸ್ತೂರಿ ಓಡಿಬಂದರು. "ಕಾಲು ಅದಾವಿಲ್ಲೋ ಯವ್ವಾ?" ಎಂದು ಕಸ್ತೂರಿ ಅಳತೊಡಗಿದಳು. ನೀಲಾ ಬೆರಳು ಅಲ್ಲಾಡಿಸಿ ತೋರಿಸಿದಳು, ಮೆಲ್ಲಗೆ ಕಾಲು ಎಳೆದುಕೊಂಡಳು. ಮೊಣಕಾಲು ತರಚಿತ್ತು, ಮತ್ತೇನೂ ಆಗಿರಲಿಲ್ಲ. ಅಂದಾನಪ್ಪ ಒಣಗಿದ ಮಾಲೆ ಹರಿದು ನೋಡಿದ. ಎಲ್ಲ ನಟ್ಟುಗಳೂ ಬೆರಳಿಗೇ ತಿರುಗುತ್ತಿದ್ದವು.

"ಅಪ್ಪಾ, ನಿನ್ನ ಕೈಯಾಗ ಪಾನಾ ಕೊಟ್ಟಿದ್ನಲ್ಲಾ! ಬಿಗಿ ಮಾಡಲಿಲ್ಲೇನು?"

ಫಕ್ಕೀರಪ್ಪ ಮಗನ ಮುಖ ನೋಡಿದ. "ಪೂಜಿಗೆ ಕೊಟ್ಟಿ ಅಂತ ತಿಳಕೊಂಡೆ" ಎಂದ. ಆಮೇಲೆ ಒಳಗೆ ಹೋಗಿ ಜಗಲಿಯ ಮೇಲಿಂದ ಪಾನಾ ತಂದ. ಅದರ ಮೇಲಿನ ಕುಂಕುಮ ಇನ್ನೂ ಹಾಗೆಯೇ ಇತ್ತು. ಕೈಯಲ್ಲಿ ಅದನ್ನು ಹಿಡಿದುಕೊಂಡು ಅವನು ನೆಲದ ಮೇಲೆಯೇ ಕೂತುಬಿಟ್ಟ. "ಕೂಸಿನ ಕಾಲು ನಾನ ಮುರೀತಿದ್ನಲ್ಲೋ" ಎಂದ. ಅವನ ಮೀಸೆ ಅದುರುವುದನ್ನು ನಾನು ಅಂದೇ ನೋಡಿದ್ದು.

ಈಗ ಚೌಕಟ್ಟನ್ನು ಎತ್ತಿ ನಿಲ್ಲಿಸಬೇಕು. ಅದಕ್ಕೆ ಮೊದಲು ಕೆಳಗೆ ಸಿಕ್ಕಿಕೊಂಡಿದ್ದ ನನ್ನನ್ನು ತೆಗೆಯಬೇಕು. ಅಂದಾನಪ್ಪ ಕಂಬವನ್ನು ಹೆಗಲು ಕೊಟ್ಟು ತಡೆದ. "ಹೊರಗ ಯಾರರ ಗಂಡಸರು ಇದ್ರ ಕರಿ" ಎಂದು ಕಸ್ತೂರಿಗೆ ಹೇಳಿದ. ಹೊರಗೆ ಡಬ್ಬಿ ಹಿಡಿದ ಹೆಂಗಸರ ಹೊರತು ಯಾರೂ ಇರಲಿಲ್ಲ.

ನೀಲಾ ಎದ್ದು ನಿಂತಳು. ಅಜ್ಜನ ಕಡೆ ನೋಡಿದಳು, ಕೇಳಲಿಲ್ಲ. ಮುದುಕ ನನ್ನನ್ನು ನೋಡಿದ. ನನ್ನ ಮೈಮೇಲಿನ ಹೊಸ ಗಾಯವನ್ನು ನೋಡಿದ. ಎಷ್ಟೋ ವರ್ಷಗಳ ಮೇಲೆ ಅವನು ನನ್ನನ್ನು ಹಾಗೆ ನೋಡಿದ್ದು.

"ಎತ್ತವ್ವಾ" ಎಂದ. "ಅದು ನಿನ್ನ ಕಾಲು ಕಾಯ್ದೈತಿ. ಅದಕ್ಕ ಇಲ್ಲದ ಮೈಲಿಗಿ ನನಗ್ಯಾಕ."

"ಹ್ಯಾಂಗ ಹಿಡೀಲಿ ಅಜ್ಜಾ?"

"ಬುಡಕ್ಕ ಬೆರಳು ಹಾಕು. ಎದಿ ಅದಕ್ಕ ಹಚ್ಚು. ತೊಡಿಗೆ ತಗೋ, ಉಸುರು ಬಿಡಬ್ಯಾಡ."

ಬಂದಳು. ಸುಣ್ಣದ ಪುಡಿಯ ಎರಡೂ ಕೈ ನನ್ನ ಕೆಳಗೆ ಹೋದವು. ಕೆನ್ನೆ ನನ್ನ ಮೈಗೆ ತಾಗಿತು. ಅದೇ ಕೆನ್ನೆ, ಅದೇ ಬಿಸುಪು. "ಹಾಂ!" ಎಂದಳು. ನೆಲ ನನ್ನನ್ನು ಬಿಟ್ಟಿತು. ತೊಡೆಗೆ ಬಂದೆ, ಎದೆಗೆ ಬಂದೆ. ಅವಳ ಗುಂಡಿಗೆ ನನ್ನ ಹೊಟ್ಟೆಯೊಳಗೇ ಬಡಿದ ಹಾಗಾಯಿತು. ವಾಲಿ ನಿಂತಿದ್ದ ಆ ಕರಿಯನನ್ನು ನಾನು ಮೇಲಿನಿಂದ ನೋಡಿದೆ. ನೋಡಲಿ, ಅವನಿಗೂ ಹೊಟ್ಟೆ ಇದ್ದರೆ ಉರಿಯಲಿ ಎಂದು ಮೈಯುಬ್ಬಿಸಿ ನೋಡಿದೆ. ಬಾಗಿಲಲ್ಲಿ ಕತ್ತು ಚಾಚಿದ್ದ ಹೆಂಗಸರು "ಯಪ್ಪಾ!" ಎಂದರು.

ಅವಳು ನನ್ನನ್ನು ಎದೆಗವಚಿಕೊಂಡು ಗೋಡೆಯ ತನಕ ನಡೆದಳು. ನಾನು ಬೀಳಲು ಸಿದ್ಧನಾದೆ. ಇನ್ನೇನು ಒಗೆಯುತ್ತಾಳೆ, ಧೊಪ್ಪೆನ್ನಬೇಕು, ನೆಲ ನಡುಗಬೇಕು. ನನ್ನನ್ನು ಎತ್ತಿದವರೆಲ್ಲ ಒಗೆದವರೇ ಅಲ್ಲವೆ?

ಅವಳು ಒಗೆಯಲಿಲ್ಲ. ಎದೆಯಿಂದ ತೊಡೆಗೆ ತಂದಳು. ತೊಡೆಯ ಮೇಲೆ ಒಂದು ಉಸಿರು ನಿಲ್ಲಿಸಿದಳು. ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು, ನಿಧಾನವಾಗಿ ನೆಲಕ್ಕೆ ಇಳಿಸಿದಳು. ಸದ್ದೇ ಆಗಲಿಲ್ಲ. ನೆಲ ಮುಟ್ಟಿದ ಮೇಲೂ ನಾನು ಉರುಳದೆ ನಿಲ್ಲುವ ತನಕ ಕೈ ಬಿಡಲಿಲ್ಲ. ಹುಟ್ಟಿದಾಗಿನಿಂದ ಎಷ್ಟು ಜನ ನನ್ನನ್ನು ಎತ್ತಿದ್ದಾರೆ. ಇಳಿಸಿದವಳು ಇವಳೊಬ್ಬಳೇ. ಕಲ್ಲಿಗೆ ಕಣ್ಣೀರು ಬರುವುದಿಲ್ಲ, ಬರುವ ಹಾಗಿದ್ದರೆ ಅವತ್ತು ಬರುತ್ತಿತ್ತು.

ಈಗ ನನ್ನ ಜಾಗ ಆ ಖೋಲಿಯ ಮೂಲೆ. ಮೈಗೆ ಮತ್ತೆ ಎಣ್ಣೆ ಬಿದ್ದಿದೆ, ವಿಭೂತಿ ಬಂದಿದೆ. ನೀಲಾ ರಾಜ್ಯದ ತಂಡದಲ್ಲಿದ್ದಾಳೆ. ಊರಲ್ಲಿದ್ದಾಗ ತಾಲೀಮು ಮುಗಿಸಿ ಕಡೆಗೊಮ್ಮೆ ನನ್ನನ್ನು ಎತ್ತಿ ಇಳಿಸುತ್ತಾಳೆ. ಫಕ್ಕೀರಪ್ಪ ದಿನ ಬೆಳಗಾದರೆ ಪಾನಾ ಹಿಡಿದು ಆ ಕರಿಯನ ಒಂದೊಂದೇ ನಟ್ಟು ತಿರುಗಿಸಿ ನೋಡುತ್ತಾನೆ, ರಾಹುಕಾಲವಿರಲಿ ಗುಳಿಕಕಾಲವಿರಲಿ. ಮೊದಲು ಅವನ ಹತ್ತಿರ ಹೋಗಿ, ಆಮೇಲೆ ನನ್ನ ಹತ್ತಿರ ಬರುತ್ತಾನೆ. ಅದಕ್ಕೆ ನನಗೆ ಈಗಲೂ ಸಿಟ್ಟಿದೆ.

ಮೂಲೆಯಲ್ಲಿ ಕೂತವರಿಗೆ ಯೋಚನೆ ಬಿಟ್ಟರೆ ಬೇರೆ ಕೆಲಸವಿಲ್ಲ. ಯೋಚಿಸಿ ಯೋಚಿಸಿ ಒಂದು ಮಾತಿಗೆ ಬಂದು ನಿಲ್ಲುತ್ತೇನೆ. ನನ್ನ ಗರಡಿ ಎತ್ತುವುದನ್ನು ಕಲಿಸಿತು. ಇಳಿಸುವುದನ್ನು ಕಲಿಸಲಿಲ್ಲ. ಕೊಕ್ಕೆಗೆ ಕೂರುವ ತನಕ ಭಾರ ತನ್ನದು ಎಂಬುದನ್ನು ಆ ಹುಡುಗಿ ಕಲಿತದ್ದು ಆ ಕರಿಯನ ಮುಂದೆ ನಿಂತು. ಅವನು ಬರದಿದ್ದರೆ ಅವಳೂ ನನ್ನನ್ನು ಎಲ್ಲರ ಹಾಗೆ ಒಗೆಯುತ್ತಿದ್ದಳೇನೋ.

ಇದನ್ನು ನಿಮಗೆ ಹೇಳಿದ್ದೇನೆ. ಅವನಿಗೆ ಮಾತ್ರ ಹೇಳಬೇಡಿ.